ಸುಮ್ನೆ ಎಸೀಬೇಡಿ, ಯಾಕೆ ಅಂತ ಕೇಳ್ಕೊಂಡು ಎಸೀರಿ: ಬಾಸ್ ಹಿಡಿಯೋಕೆ ಹೊಸದಾಗಿ ಇಳಿದವರಿಗೆ

ನಾನು ಬಾಸ್ ಫಿಶಿಂಗ್ (ಬಾಸ್ ಅಂದ್ರೆ ಸಿಹಿನೀರಿನ ಒಂದು ಬೇಟೆಗಾರ ಮೀನು) ಶುರು ಮಾಡಿದ ಹೊಸದ್ರಲ್ಲಿ ಒಂದಿನ ಬೆಳಗ್ಗೆ 6ರಿಂದ 10ರ ತನಕ 11 ಸಲ ಲೂರ್ (ಮೀನನ್ನ ಮರುಳು ಮಾಡೋ ನಕಲಿ ಎರೆ) ಬದಲಾಯಿಸಿದ್ದೆ. ಲೆಕ್ಕ ಹೆಂಗೆ ಗೊತ್ತು ಅಂದ್ರೆ, ಕತ್ತರಿಸಿದ ದಾರನ ನೀರಿಗೆ ಬಿಡಬಾರ್ದು ಅಂತ ಜೇಬಿಗೆ ತುರುಕ್ತಾ ಇದ್ದೆ, ಮನೆಗೆ ಬಂದು ಜೇಬು ಖಾಲಿ ಮಾಡಿದಾಗ 11 ತುಂಡು ಸಿಕ್ವು. ಮೀನು ಒಂದೂ ಇಲ್ಲ. ಆಮೇಲೆ ಕೂತು ಯೋಚನೆ ಮಾಡಿದ್ರೆ, ಲೂರ್ ನೀರಲ್ಲಿ ಇದ್ದ ಹೊತ್ತಿಗಿಂತ ನಾನು ಗಂಟು ಹಾಕ್ತಾ ನಿಂತಿದ್ದ ಹೊತ್ತೇ ಜಾಸ್ತಿ ಇತ್ತೇನೋ. ಆವತ್ತು ಎಸೆದ ನೂರಾರು ಕಾಸ್ಟಲ್ಲಿ (ಎಸೆತದಲ್ಲಿ) ಯಾವುದಾದ್ರೂ ಒಂದನ್ನ ತೋರಿಸಿ "ಅಲ್ಲಿಗೇ ಯಾಕಪ್ಪಾ ಎಸೆದೆ" ಅಂತ ಯಾರಾದ್ರೂ ಕೇಳಿದ್ರೆ ನನ್ನತ್ರ ಉತ್ತರ ಇರ್ತಿರ್ಲಿಲ್ಲ.

ಹಾಗಾಗಿ ಈ ಲೇಖನದಲ್ಲಿ ಯಾವ ಲೂರ್ ಬೆಸ್ಟು ಅಂತ ಹೇಳೋದಕ್ಕಿಂತ, ಪ್ರತಿ ಕಾಸ್ಟಿಗೂ ಒಂದು ಕಾರಣ ಇಟ್ಕೊಳ್ಳೋದು ಹೇಗೆ ಅಂತ ಹೇಳ್ತೀನಿ. ಎಸೆಯೋಕೆ ಮುಂಚೆ ಮೂರು ಪ್ರಶ್ನೆ: ಮೀನು ಅಲ್ಲೇ ಯಾಕೆ ಇರ್ಬೇಕು, ಎಷ್ಟು ಆಳದಲ್ಲಿ ಇರ್ಬೇಕು, ಅಲ್ಲಿ ಏನು ತಿಂತಾ ಇರ್ಬೇಕು. ಉತ್ತರ ತಪ್ಪಾದ್ರೂ ಪರ್ವಾಗಿಲ್ಲ, ಉತ್ತರ ಅಂತ ಒಂದು ಇರ್ಬೇಕು ಅಷ್ಟೇ.

ಮೊದಲು ಮೀನು ಎಂಥದ್ದು ಅಂತ ತಿಳ್ಕೊಳ್ಳಿ

ಜಾಸ್ತಿ ಜನ ಹಿಡಿಯೋದು ಎರಡು ಜಾತಿ, ಲಾರ್ಜ್‌ಮೌತ್ ಮತ್ತು ಸ್ಮಾಲ್‌ಮೌತ್. ಬಾಯಿ ಮುಚ್ಚಿದಾಗ ಮೇಲ್ದವಡೆ ಕಣ್ಣಿನ ಹಿಂದಿನ ಅಂಚು ದಾಟಿದ್ರೆ ಲಾರ್ಜ್‌ಮೌತ್, ಕಣ್ಣಿನ ನೇರಕ್ಕೇ ನಿಂತ್ರೆ ಸ್ಮಾಲ್‌ಮೌತ್. ಲಾರ್ಜ್‌ಮೌತ್ ಮೈ ಹಸಿರು, ಪಕ್ಕದಲ್ಲಿ ಉದ್ದಕ್ಕೆ ಕಪ್ಪು ಪಟ್ಟಿ. ಸ್ಮಾಲ್‌ಮೌತ್ ಕಂಚಿನ ಬಣ್ಣ, ಪಟ್ಟಿ ಮೇಲಿಂದ ಕೆಳಕ್ಕೆ. ಸ್ಮಾಲ್‌ಮೌತಿಗೆ ತಣ್ಣಗಿನ ತಿಳಿನೀರು, ಕಲ್ಲು ಇಷ್ಟ. ಲಾರ್ಜ್‌ಮೌತಿಗೆ ಜೊಂಡು, ಬಿದ್ದ ಮರ, ಸ್ವಲ್ಪ ಬೆಚ್ಚಗಿನ ನೀರು. ಇಲ್ಲಿ ನಾನು ಮುಖ್ಯವಾಗಿ ಲಾರ್ಜ್‌ಮೌತ್ ಬಗ್ಗೆನೇ ಹೇಳ್ತಿರೋದು.

ಇದು ಅಟ್ಟಿಸ್ಕೊಂಡು ಹೋಗಿ ಬೇಟೆ ಆಡೋದು ಕಮ್ಮಿ, ಹೊಂಚು ಹಾಕಿ ಕೂರೋದೇ ಜಾಸ್ತಿ. ನೆರಳಲ್ಲೋ, ಕಡ್ಡಿ ಸಂದಿಯಲ್ಲೋ ಮೂಗು ಮಾತ್ರ ಹೊರಗಿಟ್ಟು ನಿಂತಿರತ್ತೆ, ಸಣ್ಣ ಮೀನು ಹತ್ರ ಬಂದ ತಕ್ಷಣ ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳ್ಕೊಳ್ಳತ್ತೆ. ಈ ಒಂದು ವಿಷಯ ತಲೇಲಿ ಇದ್ರೆ ಅರ್ಧ ಕೆಲಸ ಮುಗೀತು, ಯಾಕಂದ್ರೆ ನೀವು ಹುಡುಕ್ಬೇಕಾಗಿರೋದು ಮೀನನ್ನಲ್ಲ, ಹೊಂಚು ಹಾಕೋಕೆ ಒಳ್ಳೆ ಜಾಗನ.

ಇನ್ನೊಂದು, ಅದರ ಮೈ ಬಿಸಿ ಅಂದ್ರೆ ನೀರಿನ ಬಿಸಿನೇ. ನೀರು ತಣ್ಣಗಾದ್ರೆ ಜೀರ್ಣ ನಿಧಾನ, ಹಸಿವು ಕಮ್ಮಿ, ಓಡಾಟನೂ ಕಮ್ಮಿ. ಅದಕ್ಕೇ ನನ್ನ ಪ್ರಕಾರ ಹೊಸಬರು ಮೊದಲು ಕೊಳ್ಬೇಕಾದ್ದು ಹತ್ತನೇ ಲೂರ್ ಅಲ್ಲ, ದಾರಕ್ಕೆ ಕಟ್ಟಿ ನೀರಿಗೆ ಬಿಡೋ ಒಂದು ಥರ್ಮಾಮೀಟರ್.

ಮನೇಲೇ ಮಾಡೋ ಕೆಲಸ

ಹೊರಡೋ ಹಿಂದಿನ ರಾತ್ರಿ ಒಂದೇ ಒಂದು ಪ್ರಶ್ನೆ ಬರ್ಕೊಳ್ಳಿ. "ಮೀನು ಹಿಡೀಬೇಕು" ಅನ್ನೋದು ಪ್ರಶ್ನೆ ಅಲ್ಲ, ಅದು ಆಸೆ. "ಗಾಳಿ ಬಡಿಯೋ ದಡದಲ್ಲಿ ಜಾಸ್ತಿ ಸಿಗತ್ತಾ, ಗಾಳಿ ಇಲ್ಲದ ದಡದಲ್ಲಾ?" ಇದು ಪ್ರಶ್ನೆ. "ಜೊಂಡಿನ ಹೊರಅಂಚಲ್ಲಿ ಇದೆಯಾ, ಒಳಗಿದೆಯಾ?" ಇದೂ ಪ್ರಶ್ನೆ. ಇಂಥ ಪ್ರಶ್ನೆ ಇಟ್ಕೊಂಡು ಹೋದ್ರೆ ಬರಿಗೈಲಿ ಬಂದ್ರೂ ಏನೋ ಒಂದು ಗೊತ್ತಾಗಿರತ್ತೆ.

ಆಮೇಲೆ ಮ್ಯಾಪ್ ನೋಡಿ. ಸ್ಯಾಟಲೈಟ್ ಮ್ಯಾಪಲ್ಲಿ ದಡ ನೀರಿನೊಳಗೆ ಮೂಗಿನ ಥರ ಚಾಚಿರೋ ಜಾಗ (ಇದಕ್ಕೆ ಪಾಯಿಂಟ್ ಅಂತಾರೆ), ತೊರೆ ಬಂದು ಸೇರೋ ಬಾಯಿ, ಜೊಂಡಿನ ಪಟ್ಟೆ ಎಲ್ಲಾ ಕಾಣ್ಸತ್ತೆ. ಆಳದ ಗೆರೆಗಳಿರೋ ಮ್ಯಾಪ್ ಸಿಕ್ರಂತೂ ಇನ್ನೂ ಒಳ್ಳೇದು, ಗೆರೆಗಳು ಒತ್ತೊತ್ತಾಗಿ ಬಂದಿದ್ರೆ ಅಲ್ಲಿ ನೆಲ ಸಡನ್ನಾಗಿ ಇಳಿಯತ್ತೆ ಅಂತ ಅರ್ಥ. 5 ಜಾಗ ಗುರುತು ಹಾಕ್ಕೊಳ್ಳಿ, ಜಾಸ್ತಿ ಬೇಡ.

ಲೈಸೆನ್ಸ್, ಸೀಸನ್, ಎಷ್ಟು ಸೈಜಿನ ಮೀನು ಇಟ್ಕೋಬಹುದು ಅನ್ನೋ ನಿಯಮ ಒಂದೊಂದು ಕಡೆ ಒಂದೊಂದು ಥರ, ಹೊರಡೋ ಮುಂಚೆನೇ ಓದ್ಕೊಳ್ಳಿ. ಕೆಲವು ಕಡೆ ಮೊಟ್ಟೆ ಇಡೋ ಕಾಲದಲ್ಲಿ ಬಾಸ್ ಹಿಡಿಯೋದೇ ನಿಷೇಧ.

ಯಾವ ಕಾಲದಲ್ಲಿ ಎಲ್ಲಿ

ಚಳಿಗಾಲ ಮುಗಿದು ನೀರು 10 ಡಿಗ್ರಿ ಸೆಲ್ಸಿಯಸ್ ದಾಟ್ತಿದ್ದಂಗೆ ಬಾಸ್ ಆಳದಿಂದ ಮೆಲ್ಲಗೆ ದಡದ ಕಡೆ ಹೊರಡತ್ತೆ, ದಾರೀಲಿ ಪಾಯಿಂಟ್‌ಗಳಲ್ಲಿ ನಿಂತು ಚೆನ್ನಾಗಿ ತಿನ್ನತ್ತೆ. ದಪ್ಪ ಮೀನು ಸಿಗೋ ಕಾಲ ಇದೇ. ಸುಮಾರು 16 ಡಿಗ್ರಿಯಿಂದ ಆಚೆ ಗಂಡು ಮೀನು ಕಮ್ಮಿ ನೀರಲ್ಲಿ ಬಾಲದಿಂದ ನೆಲ ಗುಡಿಸಿ ತಟ್ಟೆ ಥರ ಗೂಡು ಮಾಡತ್ತೆ, ಹೆಣ್ಣು ಮೊಟ್ಟೆ ಇಟ್ಟು ಹೊರಟು ಹೋಗತ್ತೆ, ಕಾಯೋದು ಗಂಡೇ. ಆ ಕಾವಲಿನ ಮೀನನ್ನ ಹಿಡಿಯೋದು ತುಂಬಾ ಸುಲಭ, ಆದ್ರೆ ಅದನ್ನ ಎತ್ತಿದ ಹೊತ್ತಲ್ಲಿ ಬ್ಲೂಗಿಲ್ ಅನ್ನೋ ಸಣ್ಣ ಮೀನುಗಳು ಬಂದು ಮೊಟ್ಟೆ ಖಾಲಿ ಮಾಡ್ತಾವೆ. ನಾನಂತೂ ಗೂಡು ಕಂಡ್ರೆ ಮುಂದೆ ಹೋಗ್ತೀನಿ, ನಿಮ್ಮಿಷ್ಟ ನಿಮಗೆ.

ಬೇಸಿಗೆಯಲ್ಲಿ ಬೆಳಗ್ಗೆ, ಸಂಜೆ ದಡದ ಹತ್ರ. ಮಧ್ಯಾಹ್ನ ಒಂದೋ ದಟ್ಟ ನೆರಳು ಇಲ್ಲಾಂದ್ರೆ ಆಳ. ಆದ್ರೆ ಆಳ ಅಂತ ತಳದ ತನಕ ಹೋಗ್ಬೇಡಿ, ದೊಡ್ಡ ಕೆರೆಗಳಲ್ಲಿ ಬೇಸಿಗೆಗೆ ಮೇಲಿನ ಬೆಚ್ಚನೆ ನೀರು ಕೆಳಗಿನ ತಣ್ಣನೆ ನೀರು ಬೇರೆ ಬೇರೆ ಪದರ ಆಗಿಬಿಡತ್ತೆ, ಕೆಳಗಿನ ಪದರದಲ್ಲಿ ಆಕ್ಸಿಜನ್ ಕಮ್ಮಿ ಆಗ್ತಾ ಹೋಗತ್ತೆ, ಮೀನು ಅಲ್ಲಿ ನಿಲ್ಲಲ್ಲ. ಚಳಿಗಾಲ ಹತ್ರ ಬಂದು ನೀರು ತಣಿಯೋಕೆ ಶುರುವಾದಾಗ ಸಣ್ಣ ಮೀನಿನ ಹಿಂಡು ತೊರೆ ಬಾಯಿಗಳ ಒಳಗೆ ನುಗ್ತಾವೆ, ಬಾಸೂ ಅದರ ಬೆನ್ನ ಹಿಂದೇನೇ.

ನೀರಿನ ಹತ್ರ ಹೋದ ಮೇಲೆ ಮೊದಲ 10 ನಿಮಿಷ ರಾಡ್ ಮುಟ್ಬೇಡಿ

ಇದು ಹೇಳೋದು ಸುಲಭ, ಮಾಡೋದು ಕಷ್ಟ. ನನಗೆ ಈಗ್ಲೂ ಕೈ ತುರಿಸತ್ತೆ. ಆದ್ರೆ ಪೋಲರೈಸ್ಡ್ ಕನ್ನಡಕ ಹಾಕ್ಕೊಂಡು ಸುಮ್ನೆ ನಿಂತು ನೋಡಿ. ಗಾಳಿ ಯಾವ ಕಡೆ ಬೀಸ್ತಿದೆ? ಗಾಳಿ ಹೊಡೆಯೋ ದಡಕ್ಕೆ ನೀರಿನ ಸೂಕ್ಷ್ಮಜೀವಿಗಳು ತೇಲ್ಕೊಂಡು ಬರ್ತಾವೆ, ಅದನ್ನ ತಿನ್ನೋಕೆ ಸಣ್ಣ ಮೀನು, ಸಣ್ಣ ಮೀನಿಗೆ ಬಾಸ್. ಅಲೆ ಇದ್ರೆ ಬೆಳಕೂ ಒಡೆದು ಹೋಗತ್ತೆ, ನಿಮ್ಮ ದಾರ ಅದಕ್ಕೆ ಅಷ್ಟಾಗಿ ಕಾಣಲ್ಲ. ಎಸೆಯೋಕೆ ತೊಂದ್ರೆ ಅಂತ ಹೊಸಬರು ಗಾಳಿ ಇಲ್ಲದ ದಡಕ್ಕೆ ಓಡ್ತಾರೆ, ನಾನೂ ಓಡ್ತಿದ್ದೆ.

ನೀರು ಎಷ್ಟು ತಿಳಿ ಇದೆ ನೋಡಿ. ಬಿಳಿ ಲೂರ್ ಒಂದನ್ನ ಇಳಿಬಿಟ್ಟು ಎಷ್ಟು ಆಳಕ್ಕೆ ಮಾಯ ಆಗತ್ತೆ ಗಮನಿಸಿ. 1 ಅಡಿಗೇ ಮಾಯ ಆದ್ರೆ ಕೆಸರು ನೀರು, ಅಲ್ಲಿ ಬಾಸ್ ಕಣ್ಣಿಗಿಂತ ಮೈ ಪಕ್ಕದ ಸಂವೇದನೆ ಗೆರೆಯಿಂದ ಅದುರನ್ನ ಹಿಡಿದು ಬೇಟೆ ಆಡತ್ತೆ, ಹಾಗಾಗಿ ಜಾಸ್ತಿ ಅದುರೋ ಲೂರ್, ಗಾಢ ಬಣ್ಣ, ಮತ್ತೆ ಮೀನಿನ ಮೂತಿ ಹತ್ರಕ್ಕೇ ಎಸೆತ. 6-7 ಅಡಿ ತನಕ ಕಂಡ್ರೆ ತಿಳಿನೀರು, ಅಲ್ಲಿ ಸಹಜ ಬಣ್ಣ, ತೆಳು ದಾರ, ದೂರದಿಂದ ಎಸೆತ. ನಿಮ್ಮ ನೆರಳು ನೀರಿಗೆ ಬೀಳದ ಹಾಗೆ ನಿಂತ್ಕೊಳ್ಳಿ.

ಮೋಡ ಇದ್ರೆ ಬಾಸ್ ಓಡಾಡ್ಕೊಂಡಿರತ್ತೆ, ಸುಡು ಬಿಸಿಲಾದ್ರೆ ನೆರಳಿಗೆ ಅಂಟ್ಕೊಂಡಿರತ್ತೆ. ಬಿಸಿಲಿಗೆ ಬಯ್ಕೋಬೇಡಿ, ಮೀನು ಎಲ್ಲಿದೆ ಅಂತ ಬಿಸಿಲೇ ತೋರಿಸ್ಕೊಡತ್ತೆ.

ಜಾಗ ಆರಿಸೋದು

ಇಲ್ಲಿ ಎರಡು ಪದ ಗೊತ್ತಿರ್ಬೇಕು, ಸ್ಟ್ರಕ್ಚರ್ ಮತ್ತು ಕವರ್. ತುಂಬಾ ಜನ ಎರಡನ್ನೂ ಒಂದೇ ಅಂತ ತಿಳ್ಕೊಂಡಿದ್ದಾರೆ. ಸ್ಟ್ರಕ್ಚರ್ ಅಂದ್ರೆ ನೆಲದ ಏರುತಗ್ಗು: ಪಾಯಿಂಟ್, ಇಳಿಜಾರು, ಮುಳುಗಿದ ದಿಬ್ಬ, ಹಳೇ ಹಳ್ಳದ ಪಾತ್ರ. ಕವರ್ ಅಂದ್ರೆ ಆ ನೆಲದ ಮೇಲೆ ಇರೋ ವಸ್ತು: ಜೊಂಡು, ಮರ, ಬಂಡೆ, ದೋಣಿಕಟ್ಟೆ ಕಂಬ. ಸ್ಟ್ರಕ್ಚರ್ ಮೀನಿಗೆ ರಸ್ತೆ ಇದ್ದಂಗೆ, ಕವರ್ ರಸ್ತೆ ಪಕ್ಕದ ಮನೆ ಇದ್ದಂಗೆ. ಊರಾಚೆ ಒಂಟಿ ಮನೇಲಿ ಯಾರಾದ್ರೂ ಇರಬಹುದು, ಆದ್ರೆ ರಸ್ತೆ ಪಕ್ಕದ ಮನೇಲಿ ಜನ ಇರೋ ಸಾಧ್ಯತೆ ಜಾಸ್ತಿ ಅಲ್ವಾ? ಹಂಗೇ, ಎರಡೂ ಸೇರೋ ಜಾಗ ಹುಡುಕಿ.

ಒಂದು ಉದಾಹರಣೆ ತಗೊಳ್ಳಿ. ಪಾಯಿಂಟ್ ತುದೀಲಿ ಒಂದು ಮರ ನೀರಿಗೆ ಉರುಳಿ ಬಿದ್ದಿದೆ, ಬುಡ ದಡದ ಮೇಲೆ, ತಲೆ ಕಡೆ ಕೊಂಬೆಗಳು 8 ಅಡಿ ನೀರಲ್ಲಿ. ಹೊಸಬರು ಏನ್ ಮಾಡ್ತಾರೆ, ಸೀದಾ ಹೋಗಿ ಮರದ ನಟ್ಟನಡುವೆ ಎಸೀತಾರೆ, ಸಿಕ್ಕಾಕ್ಕೊಳ್ಳತ್ತೆ, ಜಗ್ಗಾಡಿ ಇಡೀ ಮರ ಅಲ್ಲಾಡಿಸ್ತಾರೆ, ಅಲ್ಲಿಗೆ ಕಥೆ ಮುಗೀತು. ಹಂಗೆ ಮಾಡ್ಬೇಡಿ. ಮೊದಲು ದೂರ ನಿಂತು, ಮರದ ಹೊರಗಡೆ ಆಳದ ಕಡೆ 2-3 ಕಾಸ್ಟ್, ಯಾಕಂದ್ರೆ ತಿನ್ನೋ ಮೂಡಲ್ಲಿರೋ ಮೀನು ಹೊರಗೇ ಇರತ್ತೆ. ಆಮೇಲೆ ಕೊಂಬೆಗಳ ತುದಿ ಉದ್ದಕ್ಕೂ. ಆಮೇಲೆ ನೆರಳಿನ ಮಗ್ಗುಲು. ಕಟ್ಟಕಡೆಗೆ ಒಳಗೆ, ಎರಡು ಕೊಂಬೆ ಕವಲೊಡೆಯೋ ಸಂದಿಗೆ, ಅದೂ ಲೂರ್ ನೀರಿಗೆ ಬೀಳೋ ಸದ್ದು ಆದಷ್ಟು ಕಮ್ಮಿ ಇರೋ ಹಾಗೆ. ಒಂದು ಮರಕ್ಕೆ ಹೀಗೆ 10-12 ಕಾಸ್ಟ್ ಆಗತ್ತೆ, ಪ್ರತಿ ಒಂದಕ್ಕೂ ಒಂದು ಕಾರಣ ಇದೆ.

ಇನ್ನೊಂದು ಗುಟ್ಟು, ಒಂದೇ ಥರ ಇರೋದ್ರ ಮಧ್ಯೆ ಬೇರೆ ಥರ ಏನಿದೆ ನೋಡಿ. ಅರ್ಧ ಕಿಲೋಮೀಟರ್ ಉದ್ದ ಜೊಂಡು ಇದ್ರೆ ಅದರಲ್ಲಿ ಮೂಲೆ ಎಲ್ಲಿದೆ, ಕಂಡಿ ಎಲ್ಲಿದೆ, ಎರಡು ಜಾತಿ ಹುಲ್ಲು ಎಲ್ಲಿ ಸೇರ್ತವೆ. ಬಾಸ್ ನಿಲ್ಲೋದು ಇಂಥ ಕಡೆನೇ.

ಸಾಮಾನು: ಕಮ್ಮಿ ಇದ್ದಷ್ಟೂ ಒಳ್ಳೇದು

7 ಅಡಿ ಮೀಡಿಯಂ ಪವರ್ (ತುಂಬಾ ಗಟ್ಟಿನೂ ಅಲ್ಲ, ಮೆತ್ತಗೂ ಅಲ್ಲ) ಸ್ಪಿನ್ನಿಂಗ್ ರಾಡ್ ಒಂದು, ಅದರ ಕೆಳಗೆ ನೇತಾಡೋ 2500 ಸೈಜಿನ ರೀಲ್ (ದಾರ ಸುತ್ತೋ ಚಕ್ರ), 8 ಅಥವಾ 10 ಪೌಂಡ್ ಭಾರ ತಡೆಯೋ ದಾರ. ಶುರುಗೆ ಸಾಕು. ಬೇಟ್‌ಕಾಸ್ಟರ್ (ರಾಡ್ ಮೇಲೆ ಕೂರೋ, ಎಸೆಯುವಾಗ ದಾರದ ಉರುಳೆನೇ ತಿರುಗೋ ರೀಲ್) ಆಮೇಲೆ ನೋಡ್ಕೊಳ್ಳಿ, ಮೊದಲ ದಿನವೇ ಅದನ್ನ ಹಿಡಿದ್ರೆ ದಾರದ ಗೋಜಲು ಬಿಡಿಸೋದ್ರಲ್ಲೇ ಸಂಜೆ ಆಗತ್ತೆ. ಹುಕ್ ಕಟ್ಟೋಕೆ ಪಲೋಮರ್ ಅನ್ನೋ ಗಂಟು ಕಲೀರಿ, ಬಿಗಿಯೋ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ, ಒಣಗಿದ್ದಾಗ ಎಳೆದ್ರೆ ಉಜ್ಜಿ ದಾರ ಬಲ ಕಳ್ಕೊಳ್ಳತ್ತೆ.

ಲೂರ್ ಮೂರೇ ಮೂರು. ಬೇಗ ಬೇಗ ಜಾಗ ತಡಕಾಡೋಕೆ ಒಂದು ಸ್ಪಿನ್ನರ್‌ಬೇಟ್, ಎಳೆದಾಗ ಅದರ ಲೋಹದ ತಗಡು ಗಿರ್ರಂತ ತಿರುಗತ್ತೆ. ತೂಕ ಇಲ್ದೆ ಮೆಲ್ಲಗೆ ಮುಳುಗೋ ಕಡ್ಡಿ ಥರದ ಸ್ಟಿಕ್ ವರ್ಮ್, ಅದರ ನಡುವಿಗೆ ಹುಕ್ ಚುಚ್ಚಿ ಎಸೆದು ಸುಮ್ನೆ ಬಿಡ್ಬೇಕು, ಅದು ಎರಡೂ ತುದಿ ನಡುಗಿಸ್ತಾ ಇಳಿಯತ್ತೆ, ಕಚ್ಚೋದೂ ಇಳಿಯುವಾಗ್ಲೇ. ಮೂರನೇದು ಟೆಕ್ಸಾಸ್ ರಿಗ್, ಅಂದ್ರೆ ಮುಂದೆ ತೂಕ ಹಾಕಿ ಹುಕ್ ಮೊನೆ ಒಳಗೆ ಅಡಗಿಸಿ ಕಟ್ಟೋ ಪ್ಲಾಸ್ಟಿಕ್ ಹುಳು, ನನ್ನನ್ನ ಕೇಳಿದ್ರೆ ಹೊಸಬರಿಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಇಲ್ಲ. ಪ್ಲಾಸ್ಟಿಕ್ ಹುಳು 1949ರ ಸುಮಾರಿಗೆ ಅಮೆರಿಕದ ಓಹಾಯೋದಲ್ಲಿ ನಿಕ್ ಕ್ರೀಮ್ ಅನ್ನೋರು ಮಾಡಿದ್ದು, ಇವತ್ತಿಗೂ ಬಾಸ್ ಅದಕ್ಕೆ ಮೋಸ ಹೋಗ್ತಾನೇ ಇದೆ.

ಟೆಕ್ಸಾಸ್ ರಿಗ್ ಹೀಗೆ ಕಟ್ಟಿ. ದಾರಕ್ಕೆ ಮೊದಲು 7 ಗ್ರಾಂನ ಬುಲೆಟ್ ಆಕಾರದ ತೂಕ ಪೋಣಿಸಿ, ಚೂಪು ತುದಿ ರಾಡ್ ಕಡೆಗೆ. ಆಮೇಲೆ 3/0 ಸೈಜಿನ ಆಫ್‌ಸೆಟ್ ಹುಕ್ (ದಾರ ಕಟ್ಟೋ ಕಣ್ಣಿನ ಹತ್ರ ಮೆಟ್ಟಿಲ ಥರ ಬಾಗಿರೋ ಗಾಳ) ಕಟ್ಟಿ. 6 ಇಂಚಿನ ಹುಳುವಿನ ತಲೆಗೆ ಹುಕ್ ತುದಿ ನೇರವಾಗಿ ಅರ್ಧ ಸೆಂಟಿಮೀಟರ್ ಚುಚ್ಚಿ ಪಕ್ಕದಿಂದ ಹೊರಗೆ ತೆಗೀರಿ, ಹುಕ್ಕಿನ ಕಣ್ಣಿನ ತನಕ ಎಳೀರಿ, ತಿರುಗಿಸಿ. ಈಗ ಹುಕ್ ಪಕ್ಕದಲ್ಲಿ ಹುಳು ನೇತಾಡೋಕೆ ಬಿಟ್ಟು ಬಾಗು ಎಲ್ಲಿಗೆ ಬರತ್ತೆ ನೋಡ್ಕೊಳ್ಳಿ, ಸರಿಯಾಗಿ ಅಲ್ಲಿಗೇ ಮೊನೆ ಚುಚ್ಚಿ. ಹುಳು ಗೆರೆ ಎಳೆದಂಗೆ ನೆಟ್ಟಗಿರ್ಬೇಕು. ಡೊಂಕಾಗಿದ್ರೆ ನೀರಲ್ಲಿ ಗಿರಗಿಟ್ಲೆ ಆಡತ್ತೆ, ದಾರ ಮುರಿ ಬೀಳತ್ತೆ, ಬಿಚ್ಚಿ ಇನ್ನೊಂದ್ಸಲ ಮಾಡಿ. ಮೊನೆ ಹುಳುವಿನ ಒಳಗೆ ಅಡಗಿರೋದ್ರಿಂದ ಜೊಂಡಿಗೆ, ಕೊಂಬೆಗೆ ಸಿಗೋದು ಕಮ್ಮಿ.

ಎಸೆದ ಮೇಲೆ ತಳ ಮುಟ್ಟೋಕೆ ಬಿಡಿ, ದಾರ ಸಡಿಲ ಆದ್ರೆ ಮುಟ್ತು ಅಂತ. ರಾಡ್ ತುದಿ ಗಡಿಯಾರದ ಮುಳ್ಳಿನ ಥರ 9 ಗಂಟೆ ಜಾಗದಿಂದ 11 ಗಂಟೆ ಜಾಗಕ್ಕೆ ಮೆಲ್ಲಗೆ ಎತ್ತಿ, ಇಳಿಸ್ತಾ ಸಡಿಲ ಸುತ್ಕೊಳ್ಳಿ, ನಿಲ್ಸಿ. ಕಣ್ಣು ಮುಚ್ಚಿದ್ರೂ ತಳ ಏನು ಅಂತ ಕೈಗೆ ಗೊತ್ತಾಗೋಕೆ ಶುರುವಾಗತ್ತೆ: ಕಲ್ಲಾದ್ರೆ ಟಕಟಕ ಅನ್ನತ್ತೆ, ಕೆಸರಾದ್ರೆ ಮೆತ್ತಗೆ ಎಳೆಯತ್ತೆ, ಹುಲ್ಲಾದ್ರೆ ರಬ್ಬರ್ ಥರ ಜಗ್ಗಿ ಬಿಡತ್ತೆ. ಮೀನು ಕಚ್ಚಿದ್ರೆ ಇದ್ಯಾವುದೂ ಅಲ್ಲ, ದಾರದ ಮೇಲೆ ಯಾರೋ ಬೆರಳಲ್ಲಿ ಒಂದ್ಸಲ ಟಕ್ ಅಂತ ಮೀಟಿದಂಗೆ, ಇಲ್ಲಾ ಸದ್ದೇ ಇಲ್ದೆ ದಾರ ಪಕ್ಕಕ್ಕೆ ಹೊರಟುಬಿಡತ್ತೆ. ಆಗ ರಾಡ್ ತಗ್ಗಿಸಿ, ಸಡಿಲ ಸುತ್ಕೊಂಡು, ಭಾರ ಕೈಗೆ ಬಂದ ತಕ್ಷಣ ಜೋರಾಗಿ ಎತ್ತಿ ಎಳೀರಿ. ಸಡಿಲ ಇದ್ದಾಗ್ಲೇ ಎಳೆದ್ರೆ ಗಾಳಿಗೆ ಹೊಡೆದಂಗೆ, ಏನೂ ಚುಚ್ಚಲ್ಲ.

ಒಂದ್ಸಲಕ್ಕೆ ಒಂದನ್ನೇ ಬದಲಾಯಿಸಿ

ಅರ್ಧ ಗಂಟೆ ಏನೂ ಆಗ್ಲಿಲ್ಲ ಅಂದ್ರೆ ಕೈ ಸೀದಾ ಲೂರ್ ಡಬ್ಬಿಗೆ ಹೋಗತ್ತೆ. ತಡ್ಕೊಳ್ಳಿ. ಮೊದಲು ಆಳ ಬದಲಾಯಿಸಿ, ಲೂರ್ ಅದೇ ಇರಲಿ. 3 ಅಡಿಯಲ್ಲಿ ಎಸೀತಿದ್ರೆ 8 ಅಡಿಗೆ ಹೋಗಿ. ಆಗ್ಲಿಲ್ವಾ, ವೇಗ ಬದಲಾಯಿಸಿ, ಎಳೆಯೋದು ಅರ್ಧಕ್ಕೆ ಇಳಿಸಿ. ಆಮೇಲೆ ಲೂರ್ ಜಾತಿ. ಬಣ್ಣ ಕೊನೇಗೆ. ಅಂಗಡೀಲಿ ಒಂದೇ ಹುಳು 40 ಬಣ್ಣದಲ್ಲಿ ಇಟ್ಟಿರೋದು ಮೀನಿಗಿಂತ ನಮ್ಮನ್ನ ಹಿಡಿಯೋಕೆ ಅಂತ ನನ್ನ ಬಲವಾದ ಅನುಮಾನ. ಎರಡೂ ಮೂರೂ ಒಟ್ಟಿಗೆ ಬದಲಾಯಿಸಿ ಮೀನು ಸಿಕ್ತು ಅನ್ನಿ, ಖುಷಿ ಆಗತ್ತೆ, ಆದ್ರೆ ಯಾಕೆ ಸಿಕ್ತು ಅಂತ ಗೊತ್ತಾಗಲ್ಲ, ಎರಡನೇ ಮೀನಿಗೆ ಮತ್ತೆ ಮೊದಲಿಂದ.

ಚಳಿಗಾಳಿ ಬಂದು ಹೋದ ಮಾರನೇ ದಿನ, ಆಕಾಶ ತೊಳೆದಿಟ್ಟಂಗೆ ನೀಲಿ ಇರತ್ತಲ್ಲ, ಆವತ್ತು ಯಾರಿಗೂ ಅಷ್ಟಾಗಿ ಕಚ್ಚಲ್ಲ. ಸಣ್ಣ ಲೂರ್, ನಿಧಾನ, ಕವರ್ ಒಳಗೆ. ಅಷ್ಟು ಮಾಡಿ, ಉಳಿದದ್ದಕ್ಕೆ ತಲೆ ಕೆಡಿಸ್ಕೋಬೇಡಿ.

ಒಂದು ಸಿಕ್ಕಿದ ಮೇಲೆ

ಇಲ್ಲೇ ಎಲ್ಲರೂ ಎಡವೋದು. ಮೀನು ಸಿಕ್ಕ ಖುಷಿಗೆ ಫೋಟೋ, ಮತ್ತೆ ಅದೇ ಜಾಗಕ್ಕೆ ಕಣ್ಮುಚ್ಚಿ ಎಸೆತ. ಒಂದು ನಿಮಿಷ ನಿಂತ್ಕೊಳ್ಳಿ. ಎಷ್ಟು ಆಳ ಇತ್ತು? ನೆರಳಲ್ಲಾ ಬಿಸಿಲಲ್ಲಾ? ಇಳಿಯುವಾಗ ಕಚ್ತಾ, ಎಳೆಯುವಾಗ್ಲಾ? ಮರದ ಯಾವ ಮಗ್ಗುಲು? ಮೀನಿನ ಗಂಟಲೊಳಗೆ ಒಂದ್ಸಲ ಇಣುಕಿ, ಎಷ್ಟೋ ಸಲ ಕ್ರೇಫಿಶ್‌ನ (ಸಿಗಡಿ ಥರದ ಸಿಹಿನೀರಿನ ಜೀವಿ) ಕೆಂಪು ಮೀಸೆ ಎರಡು ಗಂಟಲಿಂದ ಹೊರಗೆ ಇಣುಕ್ತಾ ಇರತ್ತೆ, ಇಲ್ಲಾ ಸಣ್ಣ ಮೀನಿನ ಬಾಲ. ಮೀಸೆ ಕಂಡ್ರೆ ಬೇಟೆ ನಡೀತಿರೋದು ತಳದಲ್ಲಿ, ನಿಮ್ಮ ಲೂರೂ ತಳ ಬಿಟ್ಟು ಮೇಲೇಳಬಾರ್ದು.

ಎರಡನೇದು ಅದೇ ಥರ ಇನ್ನೊಂದು ಜಾಗದಲ್ಲಿ ಸಿಕ್ರೆ ನಿಮ್ಮ ಅಂದಾಜು ಸರಿ ಇರಬಹುದು. ಮೂರನೇದೂ ಸಿಕ್ರೆ ಅದು ಪ್ಯಾಟರ್ನ್. ಆಗ ಕೆರೆ ಪೂರ್ತಿ ಸುತ್ತೋದು ಬೇಡ, ಮ್ಯಾಪ್ ತೆಗೆದು ಅಂಥದ್ದೇ ಜಾಗಗಳಿಗೆ ಮಾತ್ರ ಹೋಗಿ.

ಹಿಡಿದ ಮೀನನ್ನ ಬಿಡೋದೂ ಒಂದು ಕೆಲಸ

ಕೈ ಒದ್ದೆ ಮಾಡ್ಕೊಂಡು ಮುಟ್ಟಿ, ಮೈಮೇಲಿನ ಲೋಳೆನೇ ಅದಕ್ಕೆ ರಕ್ಷಣೆ. ಕೆಳದವಡೆ ಹೆಬ್ಬೆರಳಲ್ಲಿ ಹಿಡಿದು ನೇರ ತೂಗುಹಾಕಬಹುದು, ದೊಡ್ಡದಾದ್ರೆ ಇನ್ನೊಂದು ಕೈ ಹೊಟ್ಟೆ ಕೆಳಗೆ ಕೊಡ್ಲೇಬೇಕು, ಬರೀ ದವಡೆ ಮೇಲೆ ಅಡ್ಡಡ್ಡ ಎತ್ತಿ ಫೋಟೋಗೆ ನಿಂತ್ರೆ ದವಡೆ ಕೀಲು ಹಾಳಾಗತ್ತೆ. ನೀವು ಉಸಿರು ಬಿಗಿಹಿಡಿಯೋವಷ್ಟು ಹೊತ್ತು ಮಾತ್ರ ಅದು ನೀರಿಂದ ಹೊರಗೆ.

ಅಮೆರಿಕದಲ್ಲಿ ರೇ ಸ್ಕಾಟ್ ಅನ್ನೋರು 1972ರಲ್ಲಿ ಬಾಸ್ ಸ್ಪರ್ಧೆಗಳಲ್ಲಿ ಮೀನನ್ನ ಜೀವಂತ ವಾಪಸ್ ಬಿಡೋ ಪದ್ಧತಿ ತಂದ ಮೇಲೆ ಇದು ಬಾಸ್ ಹಿಡಿಯೋರ ಸಂಪ್ರದಾಯನೇ ಆಗಿಹೋಗಿದೆ. ಆದ್ರೆ ಎಲ್ಲಾ ಕಡೆ ಇದೇ ನಿಯಮ ಅಂದ್ಕೋಬೇಡಿ. ಜಪಾನಿಗೆ ಬಾಸ್ ಹೊರಗಿಂದ ಬಂದ ಮೀನು, ಅಲ್ಲಿನ ಸ್ಥಳೀಯ ಮೀನುಗಳನ್ನ ತಿಂದು ಮುಗಿಸ್ತಿದೆ ಅಂತ ಬೀವಾ ಸರೋವರದಲ್ಲಿ ಹಿಡಿದ ಬಾಸನ್ನ ನೀರಿಗೆ ವಾಪಸ್ ಬಿಡೋದಕ್ಕೇ ನಿಷೇಧ ಇದೆ. ತಮಾಷೆ ಏನಂದ್ರೆ ಲಾರ್ಜ್‌ಮೌತಿನ ವಿಶ್ವದಾಖಲೆ ಹಂಚ್ಕೊಂಡಿರೋ ಎರಡು ಮೀನಲ್ಲಿ ಒಂದು ಅದೇ ಬೀವಾದ್ದು. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದದ್ದು 22 ಪೌಂಡ್ 4 ಔನ್ಸ್, 2009ರಲ್ಲಿ ಬೀವಾದಲ್ಲಿ ಮನಾಬು ಕುರಿತಾ ಬ್ಲೂಗಿಲ್ ಮೀನನ್ನ ಎರೆ ಮಾಡಿ ಹಿಡಿದದ್ದು ಅದಕ್ಕಿಂತ ಒಂದು ಔನ್ಸಿನಷ್ಟೂ ಜಾಸ್ತಿ ಇರ್ಲಿಲ್ಲ. ದಾಖಲೆ ಮುರೀಬೇಕಾದ್ರೆ 2 ಔನ್ಸ್ ಆದ್ರೂ ಮೇಲಿರ್ಬೇಕು ಅನ್ನೋ ನಿಯಮಕ್ಕೆ ಸಮ ಅಂತ ಬರ್ಕೊಂಡ್ರು.

ಇನ್ನು ನೋಟ್‌ಬುಕ್. ಮನೆಗೆ ಹೋಗಿ ಬರೀತೀನಿ ಅಂದ್ರೆ ಬರೆಯಲ್ಲ, ಅಲ್ಲೇ ಬರೀರಿ, ಸಣ್ಣದು ಸಾಕು. ನಂದು ಹೀಗಿರತ್ತೆ: "ಬೆಳಗ್ಗೆ 6:40, ನೀರು 19 ಡಿಗ್ರಿ, 2 ಅಡಿ ತನಕ ಕಾಣ್ಸತ್ತೆ, ಪಶ್ಚಿಮದಿಂದ ಗಾಳಿ, ಪೂರ್ವ ದಡದ ಪಾಯಿಂಟ್, ಮರದ ನೆರಳಿನ ಮಗ್ಗುಲು, 6 ಅಡಿ, ಟೆಕ್ಸಾಸ್ ರಿಗ್, ಇಳಿಯುವಾಗ. ಯಾಕೆ?" ಆ ಕೊನೇ "ಯಾಕೆ" ಮುಂದೆ ಏನೋ ಒಂದು ಬರೀತೀನಿ. ಬರೆಯೋಕೆ ಏನೂ ತೋಚದೇ ಖಾಲಿ ಬಿಟ್ಟಿದ್ರೆ, ಮುಂದಿನ ಸಲ ಹೊರಡೋ ಹಿಂದಿನ ರಾತ್ರಿ ಬರ್ಕೊಳ್ಳೋ ಪ್ರಶ್ನೆ ಅದೇ.